ಸಾವಿರ ಡಾಲರ್‌ನಲ್ಲಿ ಮಿಯಾಟಾ ಸಸ್ಪೆನ್ಷನ್

ನಮಸ್ಕಾರ ಎಲ್ರಿಗೂ. ಇವತ್ತಿನ ಮಾತು ಒಂದು ಸಣ್ಣ ಗುಂಪಿಗೆ, ಸಾವಿರ ಡಾಲರಲ್ಲಿ ಗಾಡಿ ಸಸ್ಪೆನ್ಷನ್, ಅಂದ್ರೆ ಸ್ಪ್ರಿಂಗು ಮತ್ತೆ ಅದ್ರ ಕುಣಿತ ತಡೆಯೋ ಶಾಕು, ಹೆಂಗೆ ಬದಲಾಯಿಸೋದು ಅಂತ. ಅಮೆರಿಕಾದಲ್ಲಿ ಕೆಲ್ಸ ಮಾಡ್ಕೊಂಡು, ದಿನಾ ಓಡಾಡೋಕೆ ಒಂದು ಕ್ಯಾಮ್ರಿನೋ ಸಿಆರ್‌ವಿನೋ ಇಟ್ಕೊಂಡು, ಅದ್ರ ಪಕ್ಕ ಗರಾಜಲ್ಲಿ ಒಂದು ಹಳೇ ಮಜ್ದಾ ಮಿಯಾಟಾ ತಂದು ನಿಲ್ಲಿಸ್ಕೊಂಡಿರೋ ನಮ್ಮೋರಿಗೆ. ಉಳಿದೋರೂ ಕೇಳಿ, ನಷ್ಟ ಏನಿಲ್ಲ.

1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ತೋರ್ಸಿದ ಗಾಡಿ ಇದು, ಮೊದಲ್ನೇ ತಲೆಮಾರಿಗೆ ಎನ್‌ಎ ಅಂತಾರೆ, ಆಮೇಲಿಂದು ಎನ್‌ಬಿ. ತೂಕ ಸುಮಾರು ಒಂದು ಟನ್, ನಾಲ್ಕೂ ಮೂಲೇಲಿ ಡಬಲ್ ವಿಶ್‌ಬೋನ್, ಅಂದ್ರೆ ಪ್ರತಿ ಚಕ್ರಾನ ಮೇಲೊಂದು ಕೆಳಗೊಂದು ಆರ್ಮ್ ಹಿಡ್ಕೊಂಡಿರುತ್ತೆ, ಕಮ್ಮಿ ದುಡ್ಡಿಗೆ ಸಿಗೋ ಸ್ಪೋರ್ಟ್ಸ್ ಕಾರಲ್ಲಿ ಇಷ್ಟು ಒಳ್ಳೇ ಜಾಮೆಟ್ರಿ ಸಿಗೋದೇ ಅಪರೂಪ. ಆದ್ರೆ ತಂದ ಮೇಲೆ ಎಲ್ರೂ ಮೊದ್ಲು ಮಾಡೋದೇನು? ಆನ್‌ಲೈನಲ್ಲಿ ಹುಡುಕ್ತಾರೆ, ನಾನೂರು ಡಾಲರಿಗೆ ಕಾಯ್ಲೋವರ್, ಅಂದ್ರೆ ಶಾಕ್ ಸುತ್ತ ಸ್ಪ್ರಿಂಗ್ ಕೂರ್ಸಿರೋ ಸೆಟ್ ಕಾಣುತ್ತೆ, ಕೆಂಪು ಸ್ಪ್ರಿಂಗು, ಸ್ಪ್ರಿಂಗ್ ಕೂರೋ ನೇರಳೆ ಪರ್ಚು, ಮೂವತ್ತೆರಡು ಕ್ಲಿಕ್ಕಿನ ನಾಬು, ಫೋಟೋ ನೋಡಿದ್ರೆ ಕೈ ಕಾರ್ಟ್ ಹತ್ರ ಹೋಗೇಬಿಡುತ್ತೆ. ಸ್ವಲ್ಪ ತಡೀರಿ ಅಂತ ಹೇಳೋಕೇ ಇವತ್ತು ಬಂದಿದ್ದು.

ಮಿಯಾಟಾದಲ್ಲಿ ಸ್ಪ್ರಿಂಗು ಕಂಪ್ನಿಯಿಂದ್ಲೇ ಶಾಕ್ ಸುತ್ತ ಕೂತಿರುತ್ತೆ. ಹೊರಗಡೆ ಕಾಯ್ಲೋವರ್ ಅಂತ ಮಾರೋದ್ರಲ್ಲಿ ಹೊಸದು ಅಂದ್ರೆ ಬಾಡಿ ಮೇಲೆ ಥ್ರೆಡ್ ಇರುತ್ತೆ, ಪರ್ಚ್ ತಿರುಗಿಸಿ ಗಾಡೀನ ಮೇಲೆ ಕೆಳಗೆ ಮಾಡ್ಬೋದು, ಸ್ಪ್ರಿಂಗ್ ಇನ್ನೂ ಗಟ್ಟಿ ಇರುತ್ತೆ, ಕೆಲವ್ರದ್ರಲ್ಲಿ ಶಾಕ್ ಎಷ್ಟು ತಡೀಬೇಕು ಅಂತ ಬದಲಾಯಿಸೋ ಡ್ಯಾಂಪಿಂಗ್ ನಾಬ್ ಇರುತ್ತೆ, ಅಷ್ಟೇ. ಅಗ್ಗದ ಸೆಟ್ಟಲ್ಲಿ ದುಡ್ಡು ಹೋಗಿರೋದು ಕಣ್ಣಿಗೆ ಕಾಣೋ ಕಡೆ, ಬಣ್ಣ, ಥ್ರೆಡ್ಡು, ನಾಬು. ರಸ್ತೆ ಮೇಲೆ ಕೆಲ್ಸ ಮಾಡೋದು ಒಳಗಿರೋ ವಾಲ್ವು ಪಿಸ್ಟನ್ನು, ಅದು ಯಾವ ಫೋಟೋದಲ್ಲೂ ಕಾಣಲ್ಲ.

ಆ ನಾಬ್ ವಿಷ್ಯ ನೋಡಿ. ಒಂದೇ ನಾಬ್ ಇರೋ ಸುಮಾರು ಕಾಯ್ಲೋವರ್‌ಗಳಲ್ಲಿ ಅದನ್ನ ತಿರುಗಿಸಿದ್ರೆ ರೀಬೌಂಡೂ ಕಂಪ್ರೆಷನ್ನೂ, ಅಂದ್ರೆ ಶಾಕ್ ಹಿಗ್ಗೋವಾಗಿನ ತಡೆ, ಕುಗ್ಗೋವಾಗಿನ ತಡೆ, ಎರಡೂ ಒಟ್ಟಿಗೇ ಬದಲಾಗುತ್ತೆ. ಗಟ್ಟಿ ಸ್ಪ್ರಿಂಗ್ ಹಾಕಿದಾಗ ಅದು ಮೇಲಕ್ಕೆ ಚಿಮ್ಮೋದನ್ನ ಹಿಡಿಯೋಕೆ ರೀಬೌಂಡ್ ಜಾಸ್ತಿ ಬೇಕು, ಅದಕ್ಕೋಸ್ಕರ ನಾಬ್ ತಿರುಗಿಸಿದ್ರೆ ಜೊತೆಗೆ ಕಂಪ್ರೆಷನ್ನೂ ಏರುತ್ತೆ, ಪ್ರತಿಯೊಂದು ಜಾಯಿಂಟು ಪ್ರತಿಯೊಂದು ಗುಂಡಿ ಬೆನ್ನಿಗೆ ಬಡಿಯುತ್ತೆ. ಇನ್ನು ಕೆಲವು ಅಗ್ಗದ್ರಲ್ಲಿ ಮೂವತ್ತೆರಡು ಕ್ಲಿಕ್ ಅಂತಾರಲ್ಲ, ಅದು ನಮ್ಮ ಹಳೇ ಸೀಲಿಂಗ್ ಫ್ಯಾನ್ ರೆಗ್ಯುಲೇಟರ್ ಇದ್ದಂಗೆ, ಒಂದರಿಂದ ನಾಲ್ಕರವರೆಗೂ ಒಂದೇ ಸ್ಪೀಡು, ಐದಕ್ಕೆ ಇಟ್ರೆ ಮಾತ್ರ ಏನೋ ಗಾಳಿ. ಕೆಡಬ್ಲ್ಯೂ ಕಂಪ್ನಿಯೋರು ಇದನ್ನ ನೀಟಾಗಿ ಬೇರೆ ಮಾಡಿದಾರೆ, ವೇರಿಯಂಟ್ 1 ಅಂದ್ರೆ ಬರೀ ಎತ್ತರ, 2 ಅಂದ್ರೆ ರೀಬೌಂಡ್, 3 ಅಂದ್ರೆ ರೀಬೌಂಡು ಕಂಪ್ರೆಷನ್ನು ಬೇರೆ ಬೇರೆ ನಾಬು. ಆ ವೇರಿಯಂಟ್ 3ಕ್ಕೆ, ಓಲಿನ್ಸ್ ಕಂಪ್ನಿಯ ರೋಡ್ ಅಂಡ್ ಟ್ರ್ಯಾಕ್ ಅಂಥದ್ದಕ್ಕೆ, ಎರಡು ಸಾವಿರದ ಮೇಲೇ ಬೇಕು. ನಮ್ಮ ಹತ್ರ ಇರೋದು ಸಾವಿರ.

ಸಾವಿರಕ್ಕೆ ನಾನು ಹೇಳೋದು ಕಾಯ್ಲೋವರೇ ಅಲ್ಲ. ಕೋನಿ ಸ್ಪೋರ್ಟ್ ಶಾಕ್ಸು, ಅದೇ ಹಳದಿ ಬಣ್ಣದ್ದು, ಜೊತೆಗೆ ಒಳ್ಳೇ ಲೋವರಿಂಗ್ ಸ್ಪ್ರಿಂಗ್ ಸೆಟ್ಟು. ಕೋನೀಲಿ ನಾಬ್ ರೀಬೌಂಡಿಗೆ ಮಾತ್ರ, ಗಟ್ಟಿ ಸ್ಪ್ರಿಂಗಿಗೆ ತಕ್ಕಂಗೆ ಏರಿಸ್ಕೊಂಡ್ರೂ ಕಂಪ್ರೆಷನ್ ತಂಟೆಗೆ ಹೋಗಲ್ಲ. ನಾಬ್ ಬೇಡ ಅಂದ್ರೆ ಬಿಲ್‌ಸ್ಟೈನ್ ಬಿ6, ಒಂದೇ ಕೊಳವೆಯ ಮಾನೋಟ್ಯೂಬ್ ಶಾಕು, ಹಾಕಿ ಮರೆತುಬಿಡೋದು. ಮಜ್ದಾದವರೇ ಕೆಲವು ಸ್ಪೋರ್ಟ್ ಪ್ಯಾಕೇಜಲ್ಲಿ ಫ್ಯಾಕ್ಟರಿಯಿಂದ ಬಿಲ್‌ಸ್ಟೈನ್ ಹಾಕಿ ಮಾರಿದ್ರು ಅಂದ್ಮೇಲೆ ನಾವು ಅನುಮಾನ ಪಡೋದೇನಿದೆ. ಇಲ್ಲ ಸರ್, ನಂಗೆ ಎತ್ತರ ಅಡ್ಜಸ್ಟ್ ಆಗ್ಲೇಬೇಕು ಅಂದ್ರೆ ಟೀನ್, ಬಿಸಿ ರೇಸಿಂಗ್ ಥರದವು ಆ ರೇಂಜಲ್ಲಿ ಬರುತ್ವೆ, ಪಾರ್ಟ್ಸ್ ಬಿಡಿಬಿಡಿಯಾಗಿ ಸಿಗುತ್ತೆ, ಅದೇ ದೊಡ್ಡ ಸಮಾಧಾನ. ಸೀಲ್ ಸೋರೋಕೆ ಶುರುವಾದ್ರೆ ಒಂದು ಮೂಲೆದು ಮಾತ್ರ ತಗೋಬೋದಾ, ರಿಬಿಲ್ಡ್ ಮಾಡೋರು ಇದಾರಾ, ಇದನ್ನ ಕೊಳ್ಳೋಕ್ ಮುಂಚೆ ಕೇಳಿ.

ಈಗ ಟ್ರಾವೆಲ್ ವಿಷ್ಯ, ಮಿಯಾಟಾಗೆ ಎಲ್ಲಕ್ಕಿಂತ ಮುಖ್ಯವಾದ್ದು ಇದೇ. ಎನ್‌ಎ ಮಿಯಾಟಾದಲ್ಲಿ ಚಕ್ರ ಮೇಲಕ್ಕೆ ಹೋಗೋಕೆ ಜಾಗ ಮೊದ್ಲೇ ಕಮ್ಮಿ. ಅಂಥಾದ್ರಲ್ಲಿ ಎರಡೂವರೆ ಇಂಚು ಇಳಿಸಿದ್ರೆ ಗಾಡಿ ನಿಂತಾಗ್ಲೇ ಬಂಪ್ ಸ್ಟಾಪ್ ಅನ್ನೋ ರಬ್ಬರ್ ತುಂಡಿಗೆ ಮುತ್ತಿಡೋಕೆ ರೆಡಿ, ತಿರುವಲ್ಲಿ ಒಂದು ಸಣ್ಣ ಉಬ್ಬು ಬಂದ್ರೆ ಶಾಕು ಸ್ಪ್ರಿಂಗು ಎರಡೂ ಮುಗಿದು ರಬ್ಬರ್ ತುಂಡಿನ ಮೇಲೆ ಗಾಡಿ ಓಡುತ್ತೆ, ಹಿಂದಿನ ಚಕ್ರದಲ್ಲಿ ಹಂಗಾದ್ರೆ ಗ್ರಿಪ್ ಟಪ್ ಅಂತ ಹೋಗುತ್ತೆ. ಜನ ಇದನ್ನ ಸ್ಪ್ರಿಂಗ್ ಗಟ್ಟಿ ಆಯ್ತು ಅಂತ ಬೈತಾರೆ. ತಪ್ಪು ಸ್ಪ್ರಿಂಗಿಂದಲ್ಲ, ಅದಕ್ಕೆ ಓಡಾಡೋಕೆ ಜಾಗಾನೇ ಬಿಟ್ಟಿಲ್ಲ. ಇಂಚು, ಇಂಚೂಕಾಲು ಇಳಿಸಿ ಸಾಕು. ಎನ್‌ಎ ಇರೋರು ಎನ್‌ಬಿಯ ಟಾಪ್ ಮೌಂಟ್, ಅಂದ್ರೆ ಶಾಕಿನ ಮೇಲ್ತುದೀನ ಬಾಡಿಗೆ ಕೂರ್ಸೋ ಭಾಗ, ಹಾಕೊಳ್ಳಿ, ಗುಜರಿ ಯಾರ್ಡಲ್ಲಿ ಸಿಗುತ್ತೆ, ಟ್ರಾವೆಲ್ ಜಾಸ್ತಿ ಆಗುತ್ತೆ, ಮಿಯಾಟಾ ಇಟ್ಕೊಂಡೋರಲ್ಲಿ ಇದು ಹಳೇ ಟ್ರಿಕ್ಕು.

ಸ್ಪ್ರಿಂಗ್ ರೇಟ್, ಅಂದ್ರೆ ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನೋ ನಂಬರ್ ನೋಡಿ ಹೆದರೋದೂ ಬೇಡ, ಕುಣಿಯೋದೂ ಬೇಡ. ಜಪಾನ್ ತೈವಾನ್ ಕಂಪ್ನಿಗಳು ಕೆಜಿ ಪರ್ ಎಂಎಂ ಅಂತ ಬರೀತಾರೆ, ಇಲ್ಲಿನೋರು ಪೌಂಡ್ ಪರ್ ಇಂಚ್, ಒಂದು ಕೆಜಿ ಪರ್ ಎಂಎಂ ಅಂದ್ರೆ 56 ಪೌಂಡ್ ಪರ್ ಇಂಚ್ ಅಂತ ಇಟ್ಕೊಳ್ಳಿ. ಡಬಲ್ ವಿಶ್‌ಬೋನಲ್ಲಿ ಶಾಕ್ ಕೂರೋದು ಆರ್ಮ್ ಮಧ್ಯದಲ್ಲೆಲ್ಲೋ, ಚಕ್ರ ಒಂದು ಇಂಚು ಎದ್ರೆ ಶಾಕ್ ಅಷ್ಟು ಕುಗ್ಗಲ್ಲ. ಈ ಮೋಷನ್ ರೇಷಿಯೋ 0.7 ಅಂತ ಇಟ್ಕೊಂಡ್ರೆ, ಅದನ್ನ ಅದರಿಂದ್ಲೇ ಗುಣಿಸಿ, 0.49, ಅಂದ್ರೆ 8 ಕೆಜಿ ಸ್ಪ್ರಿಂಗು ಚಕ್ರದ ಹತ್ರ ಬರೋಷ್ಟೊತ್ತಿಗೆ ನಾಲ್ಕೇ ಕೆಜಿ. ಟೊಯೋಟಾ 86, ಸುಬಾರು ಬಿಆರ್‌ಜಡ್ ಇರೋ ಫ್ರೆಂಡ್ 5 ಕೆಜಿ ಹಾಕ್ಸಿದೀನಿ ಅಂದ್ರೆ ಅವ್ನ ಗಾಡಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ಟು, ಅದ್ರಲ್ಲಿ ಶಾಕು ಚಕ್ರದ ಹತ್ರಾನೇ ಕೂರುತ್ತೆ, ಅಲ್ಲಿ ರೇಷಿಯೋ ಹತ್ರತ್ರ 1, ಅವ್ನ ಐದು ನಿಮ್ಮ ಎಂಟಕ್ಕಿಂತ ಗಟ್ಟಿ. ಸುಮ್ನೆ ಹೋಲಿಸ್ಕೊಂಡು ಕೂರಬೇಡಿ. ಹಾಂ, ಪ್ರೀಲೋಡ್, ಅಂದ್ರೆ ಪರ್ಚ್ ತಿರುಗಿಸಿ ಸ್ಪ್ರಿಂಗನ್ನ ಮೊದ್ಲೇ ಒತ್ತಿಡೋದು, ಅದನ್ನ ಜಾಸ್ತಿ ಬಿಗಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಲೀನಿಯರ್ ಸ್ಪ್ರಿಂಗ್ ರೇಟ್ ಬದಲಾಗಲ್ಲ, ಗಾಡಿ ಎತ್ತರ ಬದಲಾಗುತ್ತೆ.

ಆಟೋಕ್ರಾಸಿಗೆ, ಅಂದ್ರೆ ಖಾಲಿ ಜಾಗದಲ್ಲಿ ಕೋನ್ ಇಟ್ಟು ಟೈಮ್ ನೋಡಿ ಓಡ್ಸೋ ಸ್ಪರ್ಧೆಗೆ, ಹೋಗೋರಿಗೆ ಒಂದು ಮಾತು. ಎಸ್‌ಸಿಸಿಎ ಕ್ಲಬ್ಬು ನಡ್ಸೋ ‘ಸೋಲೋ’ ಅನ್ನೋ ಆಟೋಕ್ರಾಸಲ್ಲಿ ಸ್ಟ್ರೀಟ್ ಕ್ಲಾಸ್ ಅಂದ್ರೆ ಶಾಕ್ ಬದಲಾಯಿಸ್ಬೋದು, ಸ್ಪ್ರಿಂಗ್ ಮಾತ್ರ ಕಂಪ್ನಿದೇ ಇರಬೇಕು. ಕಾಯ್ಲೋವರ್ ಹಾಕಿದ ದಿನಾನೇ ನೀವು ಸ್ಟ್ರೀಟ್ ಟೂರಿಂಗ್ ಕಡೆ ಹೋಗ್ತೀರಿ, ಅಲ್ಲಿ ಇರೋರು ಗಾಡಿ ಪೂರ್ತಿ ತಯಾರು ಮಾಡ್ಕೊಂಡು ಬಂದಿರ್ತಾರೆ. ಶುರು ಮಾಡೋರಿಗೆ ಬಿಲ್‌ಸ್ಟೈನು, ಟ್ರೆಡ್‌ವೇರ್ ಅನ್ನೋ ಸವೆತದ ಅಂಕೆ 200 ಇರೋ ಒಳ್ಳೇ ಟೈರು, ಇವೆರಡ್ರಲ್ಲೇ ಬೇಕಾದಷ್ಟು ಕಲಿಯೋದಿದೆ. ಟೈರ್ ಒಣಗಿ ಗಟ್ಟಿ ಆಗಿದ್ರೆ ಮೊದ್ಲು ಅದನ್ನೇ ಹಾಕ್ಸಿ, ಸಸ್ಪೆನ್ಷನ್ ಮುಂದಿನ ಬೋನಸ್ಸಿಗೆ.

ಮಿಶಿಗನ್, ನ್ಯೂಯಾರ್ಕ್ ಕಡೆ ಇರೋರು ಥ್ರೆಡ್ ಮೇಲೆ ಆ್ಯಂಟಿಸೀಜ್ ಹಚ್ಚಿ, ಚಳಿಗಾಲದ ಉಪ್ಪು ತಿಂದು ಪರ್ಚ್ ಕಚ್ಕೊಂಡ್ರೆ ಅಡ್ಜಸ್ಟ್ ಆಗೋ ಕಾಯ್ಲೋವರ್ ಅನ್ನೋ ಮಾತು ಅಲ್ಲಿಗೆ ಮುಗೀತು. ಮೇಲೆ ರಬ್ಬರ್ ಬದ್ಲು ಲೋಹದ ಗುಂಡಿರೋ ಪಿಲ್ಲೋಬಾಲ್ ಮೌಂಟ್ ಬರೋ ಸೆಟ್ ತಗೊಂಡ್ರೆ ಸ್ವಲ್ಪ ದಿನಕ್ಕೆ ಟಕಟಕ ಸದ್ದು ಶುರುವಾಗ್ಬೋದು, ದಿನಾ ಆಫೀಸಿಗೂ ಅದೇ ಗಾಡಿ ಅಂದ್ರೆ ರಬ್ಬರ್ ಮೌಂಟೇ ವಾಸಿ.

ಫಿಟ್ ಮಾಡೋವಾಗ ಬಹಳ ಜನ ಬಿಟ್ಬಿಡೋ ಕೆಲ್ಸ ಒಂದಿದೆ. ಆರ್ಮ್ ಬುಷ್, ಅಂದ್ರೆ ಆರ್ಮ್ ತಿರುಗೋ ಕಡೆ ಇರೋ ರಬ್ಬರು, ಅದ್ರ ಬೋಲ್ಟುಗಳನ್ನ ಗಾಡಿ ಜಾಕ್ ಮೇಲೆ ನೇತಾಡ್ತಿರೋವಾಗ ಬಿಗೀಬೇಡಿ, ರಬ್ಬರು ಆ ಸ್ಥಿತೀಲೇ ಹಿಡ್ಕೊಂಡು, ಕೆಳಗಿಳಿಸಿದ ಮೇಲೆ ಸದಾ ತಿರುಚ್ಕೊಂಡೇ ಇರುತ್ತೆ, ಬೇಗ ಹರಿಯುತ್ತೆ, ಎತ್ತರಾನೂ ಸರಿ ಬರಲ್ಲ. ಚಕ್ರದ ಮೇಲೆ ಭಾರ ಬಂದ ಮೇಲೆ ಬಿಗೀರಿ. ನೂರಿನ್ನೂರು ಮೈಲಿ ಓಡ್ಸಿ, ಸ್ಪ್ರಿಂಗ್ ಸರಿಯಾಗಿ ಕೂತ್ಕೊಳ್ಲಿ, ಆಮೇಲೆ ಎತ್ತರ ಅಳೆದು ಅಲೈನ್‌ಮೆಂಟ್ ಮಾಡ್ಸಿ. ಬಜೆಟ್ಟಲ್ಲಿ ಇದಕ್ಕೆ ಮೊದ್ಲೇ ಇನ್ನೂರು ಡಾಲರ್ ಎತ್ತಿಡಿ. ಅಂಗಡಿಯೋನು ಫ್ಯಾಕ್ಟರಿ ನಂಬರಿಗೆ ಮಾಡ್ಕೊಡ್ತಾನೆ, ನೀವು ಚೀಟೀಲಿ ಬರ್ಕೊಂಡು ಹೋಗಿ, ಮುಂದೆ ಹಿಂದೆ ಎರಡೂ ಕಡೆ ಮೈನಸ್ ಒಂದೂವರೆ ಡಿಗ್ರಿ ಆಸುಪಾಸು ಕ್ಯಾಂಬರ್, ಅಂದ್ರೆ ಚಕ್ರದ ಮೇಲ್ಭಾಗ ಒಳಗೆ ವಾಲಿರೋದು, ಮುಂದೆ ಟೋ ಸೊನ್ನೆ, ಅಂದ್ರೆ ಚಕ್ರ ನೇರ, ಹಿಂದೆ ಚೂರೇ ಚೂರು ಟೋ ಇನ್, ಅಂದ್ರೆ ಚಕ್ರದ ಮುಂಭಾಗ ಒಳಗೆ, ಬೀದೀಲೂ ಆಟೋಕ್ರಾಸಲ್ಲೂ ನಡಿಯುತ್ತೆ. ಬಿಚ್ಚಿದ ಹಳೇ ಶಾಕ್ ಸ್ಪ್ರಿಂಗು ತುಕ್ಕು ಹಿಡಿದಿದ್ರೂ ಬಿಸಾಕ್ಬೇಡಿ, ಮಿಯಾಟಾ ಕೊಳ್ಳೋರು ಒರಿಜಿನಲ್ ಪಾರ್ಟ್ಸ್ ಇದ್ಯಾ ಅಂತ ಕೇಳ್ತಾರೆ. ನಮಸ್ಕಾರ.