ಏರಿಯ ಹೊರಮೈ

ಕೇಳುಗರೇ, ನಮಸ್ಕಾರ.

ಕೆರೆ ತುಂಬಿತೆಂದರೆ ಊರೆಲ್ಲ ಅದರ ಮಣ್ಣಿನ ಕಟ್ಟೆಯಾದ ಏರಿಯನ್ನು ಹತ್ತಿ ನೀರಿನ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಹೆಚ್ಚಾದ ನೀರು ಹೊರಹರಿದು ಕೋಡಿ ಬಿದ್ದರಂತೂ ಪೂಜೆ, ಬಾಗಿನ. ನಾನು ಹುಡುಗನಾಗಿದ್ದಾಗ ಕೆರೆಯ ನೀರು ನೋಡಿಕೊಳ್ಳುತ್ತಿದ್ದ ನಮ್ಮೂರಿನ ನೀರುಗಂಟಿ ಮಾತ್ರ ಆ ಹೊತ್ತಿನಲ್ಲಿ ನೀರಿಗೆ ಬೆನ್ನು ಹಾಕಿ, ಏರಿಯ ಹೊರಮೈ ಇಳಿದು, ಅಚ್ಚುಕಟ್ಟಿನ ಗದ್ದೆಗಳ ಅಂಚಿನಲ್ಲಿ ನಡೆಯುತ್ತಿದ್ದರು. ಒಸರು ಕಂಡಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಹಿತ್ತಾಳೆ ಲೋಟಕ್ಕೆ ನೀರು ಹಿಡಿದು, ಒಂದಷ್ಟು ಹೊತ್ತು ಬಿಟ್ಟು ಲೋಟದ ತಳ ನೋಡುತ್ತಿದ್ದರು. ಮಣ್ಣು ಕೂತಿಲ್ಲವೆಂದರೆ ಎದ್ದು ಮುಂದಕ್ಕೆ ಹೋಗುತ್ತಿದ್ದರು.

ಅವರು ನೋಡುತ್ತಿದ್ದದ್ದು ಏನೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಮಣ್ಣಿನ ಏರಿ ಅಷ್ಟಿಷ್ಟು ಒಸರುವುದು ಸಹಜ. ಆದರೆ ನೀರು ಕದಡಿ ಬಂದರೆ ಏರಿಯ ಒಡಲೇ ಕರಗಿ ಬರುತ್ತಿದೆ ಎಂದರ್ಥ. ಹೆಗ್ಗಣದ ಬಿಲ, ಏಡಿಯ ಬಿಲ, ಕಡಿದು ಬಿಟ್ಟ ಜಾಲಿಯ ಬೇರು ಕೊಳೆತ ಪೊಟರೆ, ಯಾವುದಾದರೂ ಸಾಕು. ನೀರು ಅದನ್ನೇ ಕೊರೆದು ಹಿರಿದು ಮಾಡುತ್ತದೆ. ಗಾಬರಿಯಲ್ಲಿ ಜೇಡಿಮಣ್ಣು ಮೆತ್ತಿ ಅದರ ಬಾಯಿ ಮುಚ್ಚಬೇಡಿ, ದಯವಿಟ್ಟು. ತಡೆದ ನೀರು ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು ಹೇರಿ. ನೀರು ಬರಲಿ, ಮಣ್ಣು ನಿಲ್ಲಲಿ. ಎಂಜಿನಿಯರಿಗೆ ಕೂಡಲೇ ಸುದ್ದಿ ಮುಟ್ಟಿಸಿ, ಕೆಳಗಿನ ಮನೆಗಳವರನ್ನು ಎಚ್ಚರಿಸಿ.

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ. ಅಲ್ಲಿನ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಇರಬಾರದ 6 ದೋಷಗಳನ್ನೂ ಹೇಳುತ್ತದೆ. ಏರಿ ಒಸರುವುದು ಆ ದೋಷಗಳಲ್ಲಿ ಒಂದು. ಲೋಟದಲ್ಲಿ ತಳ ನೋಡುತ್ತಿದ್ದ ನಮ್ಮ ನೀರುಗಂಟಿ ಆ ಶಾಸನವನ್ನು ಓದಿದವರಲ್ಲ.

ಕೋಡಿಯ ಬಗ್ಗೆ ಒಂದು ಮಾತು. ಹರಿದುಹೋಗುವ ನೀರು ಕಂಡು ರೈತನ ಹೊಟ್ಟೆ ಉರಿಯುವುದು ನನಗೆ ಗೊತ್ತು. ಹಾಗೆಂದು ಮರಳಿನ ಚೀಲ ಪೇರಿಸಿ ಕೋಡಿಯನ್ನು ಒಂದಡಿ ಎತ್ತರಿಸಿದರೆ, ರಾತ್ರಿ ಬರುವ ದೊಡ್ಡ ಮಳೆಗೆಂದು ಹಿರಿಯರು ಬಿಟ್ಟಿದ್ದ ಜಾಗವೇ ಇಲ್ಲವಾಗುತ್ತದೆ. ನೀರು ಏರಿಯ ತಲೆ ಹತ್ತಿತೋ, ಕಲ್ಲಿನ ಕಟ್ಟೆಯಂತೆ ಮಣ್ಣು ತಡೆಯುವುದಿಲ್ಲ. ಹೊರಮೈ ಕೊಚ್ಚಿಕೊಂಡು ಹೋಗುತ್ತದೆ. ಕೋಲಾರ, ತುಮಕೂರು ಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವುದರಿಂದ, ಮೇಲಿನದು ಒಡೆದರೆ ಸರಣಿಯಲ್ಲಿರುವ ಕೆಳಗಿನವುಗಳಿಗೂ ಅಪಾಯ.

ಈ ಸಲ ಬಾಗಿನಕ್ಕೆ ಹೊರಟಾಗ ಮನೆಯಿಂದ ಒಂದು ಲೋಟವನ್ನೂ ತೆಗೆದುಕೊಂಡು ಹೋಗಿ.

ನಮಸ್ಕಾರ.