ಅವ್ವನ ಕೂಲಿ ಎಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಎಳ್ಳಮಾಸಿ ಮುಗಿದ ವಾರ ಆಳಂದ ತಾಲೂಕಿನ ಒಂದು ಸರ್ಕಾರಿ ಶಾಲೆಯ ಮಕ್ಕಳ ಸಂತೆಗೆ ಹೋಗಿದ್ದೆ. ಅಂಗಳದ ತುಂಬ ಗೋಣಿಚೀಲ ಹಾಸಿಕೊಂಡು ಮಕ್ಕಳು ಕೂತಿದ್ದರು. ಒಂದೇ ಗದ್ದಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪುಂಡಿಪಲ್ಯ ತಂದಿದ್ದಳು, ಸಿವುಡಿಗೆ ಹತ್ತು ರೂಪಾಯಿ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೂ ಸಿವುಡು ಖಾಲಿ.

"ಎಷ್ಟು ಲಾಭ ಆಯ್ತವ್ವಾ?" ಅಂದೆ.

"ಇನ್ನೂರು ರೂಪಾಯಿ ರೀ."

ಪಕ್ಕದಲ್ಲಿದ್ದ ಟೀಚರ್ ಸುಮ್ನೆ ಬಿಡಲಿಲ್ಲ. "ಬೀಜಕ್ಕೆಷ್ಟು? ಬೆಳಿಗ್ಗೆ ಎದ್ದು ಕಿತ್ತು, ಸಿವುಡು ಕಟ್ಟಿದ್ದು ಯಾರು?"

"ಅವ್ವ ರೀ. ಅವ್ವಗ ಎಂಥ ಕೂಲಿ ರೀ?" ಹುಡುಗಿ ನಕ್ಕಳು. ಟೀಚರ್ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಬರೆಸಿದರು: ಅವ್ವನ ಕೂಲಿ. ಎಷ್ಟು ಹಾಕಬೇಕು ಅಂತ ಹೊಳೆಯದೆ ಅವಳು ಪೆನ್ಸಿಲ್ ಕಚ್ಚುತ್ತಾ ಕೂತಳು.

ದುಡ್ಡಿನ ಪಾಠವೂ ಜವಾಬ್ದಾರಿಯ ಪಾಠವೂ ಆ ಒಂದೇ ಸಾಲಿನಲ್ಲಿತ್ತು. ಇಲ್ಲೇ ಬಸವಕಲ್ಯಾಣದಲ್ಲಿ ಶರಣರು ಕಾಯಕ, ದಾಸೋಹ ಅಂತ ಎರಡನ್ನೂ ಜೋಡಿಸಿಯೇ ಹೇಳಿದ್ದರು. ನಾವು ಅದನ್ನು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾಡಿಬಿಟ್ಟೆವು.

ಬಡ್ಡಿ ಲೆಕ್ಕವನ್ನೇ ತಗೊಳ್ಳಿ. ಪುಸ್ತಕದಲ್ಲಿ ವರ್ಷಕ್ಕೆ ಶೇಕಡಾ ಇಷ್ಟು ಅಂತಿರುತ್ತದೆ. ಊರಲ್ಲಿ ಹಾಗೆ ಯಾರು ಮಾತಾಡ್ತಾರೆ? "ನೂರಕ್ಕೆ ಮೂರು" ಅಂತಾರೆ, ಅದೂ ತಿಂಗಳಿಗೆ. ಅಂದರೆ ವರ್ಷಕ್ಕೆ ಶೇಕಡಾ 36. ತೊಗರಿ ಬಿತ್ತನೆಗೆ ಅಂತ ಜೂನ್‌ನಲ್ಲಿ 20,000 ತಂದು, ರಾಶಿ ಮಾಡಿ ಜನವರಿಯಲ್ಲಿ ತೀರಿಸಿದರೆ ಏಳು ತಿಂಗಳಿಗೆ ಬಡ್ಡಿಯೇ 4,200. ಸಹಕಾರ ಸಂಘದಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟುವ ರೈತರಿಗೆ ಬಡ್ಡಿಯಿಲ್ಲದ ಬೆಳೆಸಾಲ ಇದೆ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ನೋಡಿ. ಮಕ್ಕಳು ಸಂಜೆ ಮನೆಗೆ ಹೋಗಿ ಅಪ್ಪನನ್ನು ಕೇಳಿಯೇ ಕೇಳ್ತಾರೆ. ಕೆಲವು ಅಪ್ಪಂದಿರಿಗೆ ಸಿಟ್ಟು ಬರಬಹುದು. ಬರಲಿ ಬಿಡಿ.

ಇನ್ನೊಂದು ಮಾತು. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ಬ್ಯಾಂಕುಗಳು ಇದಕ್ಕೆ ಅವಕಾಶ ಕೊಡಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಚಲನ್ ತುಂಬೋದು, ಪಾಸ್‌ಬುಕ್ ಓದೋದು, ಫೋನಿನಲ್ಲಿ ಬಂದ ಓಟಿಪಿ ಯಾರಿಗೂ ಹೇಳದಿರೋದು, ಇಷ್ಟು ಕಲಿತ ಮಗು ಮನೆಯ ಅಜ್ಜಿಗೂ ಆಸರೆ ಆಗುತ್ತದೆ, ಅಲ್ವಾ? ಪಿಂಚಣಿ ಬಂತೋ ಇಲ್ಲವೋ ಅಂತ ಆಕೆ ಯಾರ ಮುಂದೋ ಪಾಸ್‌ಬುಕ್ ಹಿಡಿದು ನಿಲ್ಲೋದು ತಪ್ಪುತ್ತದೆ.

ಅಂದಹಾಗೆ, ಆ ಹುಡುಗಿ ಕೊನೆಗೆ 50 ರೂಪಾಯಿ ಅಂತ ಬರೆದಳು. "ಕಡಿಮೆ ಆಯ್ತಲ್ಲ?" ಅಂದೆ.

"ಪೆನ್ಸಿಲ್‌ಲೆ ಬರ್ದೀನಿ ರೀ. ಅವ್ವಗ ಕೇಳಿ ನಾಳೆ ತಿದ್ದತೀನಿ."