ಯಾಕೆ ಹಿಡಿದಿರಿ, ಬರೆದು ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ತಮ್ಮಂದಿರು, ಟ್ಯಾಕ್ಸಿ ಓಡಿಸುವ ಅಣ್ಣಂದಿರು, ಡೊಂಬಿವಲಿಯ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿರುವ ಅಕ್ಕಂದಿರು, ಈ ಮಾತು ನಿಮಗೇ. ವಕೀಲನಾಗಿ ಇವತ್ತು ಹೇಳಬೇಕಾದ್ದು ಒಂದೇ. ಪೊಲೀಸರು ನಿಮ್ಮನ್ನು ಬಂಧಿಸಿದರೆ ಯಾಕೆ ಅಂತ ಬರೆದು ಕೊಡಬೇಕು. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕು.

ಕಾರಣ ತಿಳಿಸದೆ ಯಾರನ್ನೂ ಹಿಡಿದಿಡುವಂತಿಲ್ಲ ಅಂತ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಆದರೆ ‘ಬಾಯಲ್ಲಿ ಹೇಳಿದ್ದೇವೆ’ ಅಂದುಬಿಟ್ಟರೆ ಮುಗಿಯುತ್ತಿತ್ತು. 2025ರ ನವೆಂಬರಿನಲ್ಲಿ, ಮುಂಬೈಯಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಅಪರಾಧ ಯಾವುದೇ ಇರಲಿ, ಕಾರಣ ಬರವಣಿಗೆಯಲ್ಲಿ ಬೇಕು. ಸ್ಥಳದಲ್ಲೇ ಬರೆಯಲು ಆಗದಿದ್ದರೆ ಬಾಯಲ್ಲಿ ಹೇಳಿ, ಆಮೇಲೆ ಬರೆದು ಕೊಡಲಿ. ಆದರೆ ರಿಮಾಂಡಿಗೆ, ಅಂದರೆ ಕಸ್ಟಡಿಯಲ್ಲೇ ಇಟ್ಟುಕೊಳ್ಳಲು ಅನುಮತಿ ಕೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕನಿಷ್ಠ 2 ಗಂಟೆ ಮೊದಲು ಆ ಕಾಗದ ಕೈಗೆ ಬಂದಿರಬೇಕು. ಇಲ್ಲದಿದ್ದರೆ ಆ ಬಂಧನವೇ ಕಾನೂನುಬಾಹಿರ.

ಈ ತೀರ್ಪು ಬಂದ ಮೇಲಿನ ಒಂದು ಸಂಗತಿ ಹೇಳುತ್ತೇನೆ. ಉಪನಗರದ ಹೋಟೆಲೊಂದರಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಸಪ್ಲೈಯರ್ ಆಗಿದ್ದ. ಊರು ಬಿಟ್ಟು ಜಾಸ್ತಿ ದಿನ ಆಗಿರಲಿಲ್ಲ. ಗಲ್ಲಾದಿಂದ ದುಡ್ಡು ಹೋಯಿತು, ಮಾಲೀಕರು ದೂರು ಕೊಟ್ಟರು. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಪೊಲೀಸರು ಬಂದು ಕರೆದೊಯ್ದರು. ಠಾಣೆಯಲ್ಲಿ ಮರಾಠಿಯ ನಾಲ್ಕೈದು ಹಾಳೆ ಮುಂದಿಟ್ಟು ಸಹಿ ಹಾಕು ಅಂದರು. ಹಾಕಿದ. ಎಲ್ಲದಕ್ಕೂ ಹಾಕಿದ! ಅವನ ಮಾವ ಬೆಳಿಗ್ಗೆ ನನ್ನ ಹತ್ತಿರ ಓಡಿ ಬಂದಾಗ ನಾನು ಕೇಳಿದ್ದು ಒಂದೇ, ‘ಅವನಿಗೆ ಕನ್ನಡದಲ್ಲಿ ಏನಾದರೂ ಬರೆದು ಕೊಟ್ಟಿದ್ದಾರಾ?’ ‘ಇಲ್ಲ ವಕೀಲರೇ, ಅವನಿಗೆ ಮರಾಠಿ ಓದಲು ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ’ ಅಂದರು. ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಹುಡುಗನನ್ನೇ ಕೇಳಿದರು, ನಿನ್ನನ್ನು ಯಾಕೆ ತಂದಿದ್ದಾರೆ ಗೊತ್ತಾ ಅಂತ. ಅವನು ‘ಸೇಟ್ ಫೋನ್ ಮಾಡಿದ್ರು, ಅದಕ್ಕೆ’ ಅಂದ. ಪೊಲೀಸರ ಫೈಲಿನಲ್ಲಿ ‘ಕಾರಣ ತಿಳಿಸಲಾಗಿದೆ’ ಅಂತ ಒಂದು ಸಾಲಿತ್ತು, ಕೆಳಗೆ ಅವನ ಸಹಿ. ಯಾವ ಭಾಷೆಯಲ್ಲಿ ತಿಳಿಸಿದಿರಿ ಅಂತ ಕೇಳಿದರೆ ಉತ್ತರವಿಲ್ಲ. ರಿಮಾಂಡ್ ಸಿಗಲಿಲ್ಲ. ಹುಡುಗ ಸಂಜೆ ಹೊರಗೆ ಬಂದ. ತನಿಖೆ ನಡೆಯಲಿ, ಅದಕ್ಕೆ ಯಾರೂ ಅಡ್ಡ ಬರುತ್ತಿಲ್ಲ. ಆದರೆ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡುವುದು ಅಷ್ಟು ಕಷ್ಟವಾ?

ನೀವೂ ಅಷ್ಟೇ, ದಯವಿಟ್ಟು ಓದದೆ ಸಹಿ ಹಾಕಬೇಡಿ. ಓದಲು ಬರದಿದ್ದರೆ ಓದಿ ಹೇಳಿಸಿಕೊಳ್ಳಿ. ಎಷ್ಟು ಸಲ ಹೇಳಿದರೂ ನಮ್ಮವರು ಸುಮ್ನೆ ಪೆನ್ನು ಹಿಡಿದುಬಿಡುತ್ತಾರೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು. ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 7 ವರ್ಷದವರೆಗಿನ ಶಿಕ್ಷೆಯ ಕೇಸಾದರೆ, ಬಂಧನದ ಅಗತ್ಯವೇನು ಅಂತ ಪೊಲೀಸರು ಬರೆದಿಡಬೇಕು, ಇಲ್ಲವಾದರೆ ನೋಟಿಸ್ ಕೊಟ್ಟು ಕರೆಯಬೇಕು. ನೋಟಿಸ್ ಬಂದರೆ ಊರಿಗೆ ಓಡಬೇಡಿ, ಹೋಗಿ ಹಾಜರಾಗಿ. ತೀರಾ ಅಪರೂಪದ ಸಂದರ್ಭ ಬಿಟ್ಟರೆ ಸಂಜೆ ಕತ್ತಲಾದ ಮೇಲೆ ಬೆಳಗಾಗುವ ತನಕ ಹೆಂಗಸರನ್ನು ಬಂಧಿಸುವಂತಿಲ್ಲ. ಹೆಂಗಸರ ಲಾಕಪ್ಪಿಗೆ ಮಹಿಳಾ ಪೊಲೀಸರೇ ಕಾವಲಿರಬೇಕು ಅಂತ ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿದ್ದು ಇದೇ ಮುಂಬೈಯ ಲಾಕಪ್ಪುಗಳ ಬಗ್ಗೆ ಪತ್ರಕರ್ತೆ ಶೀಲಾ ಬರ್ಸೆ ಬರೆದ ಪತ್ರದಿಂದ.

ಹಿಡಿಯಲು ಬಂದವರನ್ನು ತಳ್ಳಬೇಡಿ, ಎಳೆದಾಡಬೇಡಿ. ತಡೆದರೆ ಬಲ ಬಳಸಲು ಅವರಿಗೆ ಕಾನೂನೇ ಅನುಮತಿ ಕೊಡುತ್ತದೆ. ಸಮಾಧಾನವಾಗಿ ಕೇಳಿ, ‘ಸಾಹೇಬರೇ, ಕಾರಣ ಕನ್ನಡದಲ್ಲಿ ಬರೆದು ಕೊಡಿ.’ ವಕೀಲರಿಗೆ ಕೊಡಲು ದುಡ್ಡಿಲ್ಲವಾದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವು ಕೇಳಿ. ನಂಬರ್ ಬರೆದುಕೊಳ್ಳಿ, 15100. ನಮಸ್ಕಾರ.